ಕ್ಯಾಮೆರಾದ ಪರದೆಗೆ ಬಿದ್ದ ತೂತು

ಆಗ ಜತ್ತದಲ್ಲಿ ನನ್ನಷ್ಟು ಚೆನ್ನಾಗಿ ಫೋಟೋ ತೆಗೆಯುವವರು ಯಾರೂ ಇರಲಿಲ್ಲ. ನಾನೇ ಹೇಳಿಕೊಳ್ಳಬೇಕು, ನಮ್ಮ ಸ್ಟುಡಿಯೋ ಮಾಲಕರಂತೂ ಒಮ್ಮೆಯೂ ಹೇಳಲಿಲ್ಲ. ಅರವತ್ತರ ದಶಕದ ಕೊನೆಯ ಮಾತು. ಅವರದೊಂದು ರಷ್ಯದ ಕ್ಯಾಮೆರಾ. ಅದರ ಹೊಟ್ಟೆಯೊಳಗೆ, ಫಿಲ್ಮಿನ ಮುಂದೆ, ರಬ್ಬರು ಬಳಿದ ಎರಡು ಕರಿ ಬಟ್ಟೆಯ ಪರದೆಗಳು. ಗುಂಡಿ ಒತ್ತಿದರೆ ಒಂದು ಸರಕ್ಕನೆ ಸರಿಯುತ್ತದೆ, ಇನ್ನೊಂದು ಅದರ ಬೆನ್ನು ಹತ್ತಿ ಓಡುತ್ತದೆ. ನಡುವಿನ ಸಂದಿಯಲ್ಲಿ ನುಗ್ಗಿದಷ್ಟೇ ಬೆಳಕು ಫಿಲ್ಮಿಗೆ.

"ಲೇ, ಮುಚ್ಚಳ ಹಾಕದ ಬಿಸಲಾಗ ಇಡಬ್ಯಾಡ. ಬಟ್ಟಿ ಸುಡತೈತಿ," ಎಂದು ಮಾಲಕರು ದಿನಾ ಹೇಳುತ್ತಿದ್ದರು. ದಿನಾ ಹೇಳಿದ ಮಾತು ಯಾರ ಕಿವಿಗೆ ಬೀಳುತ್ತದೆ?

ವಳಸಂಗದ ಕುರಿಗಾರರೊಬ್ಬರ ಮಗಳ ಫೋಟೋ ತೆಗೆಯಲು ಹೋದೆ. ಅದನ್ನು ಬಿಳೂರಿನ ಗಂಡಿನ ಮನೆಗೆ ಕಳಿಸಬೇಕಿತ್ತು. ನನ್ನ ಕೈ ಸುಮ್ಮನಿರದು. ಹುಡುಗಿಯ ತಂದೆ ರುಮಾಲು ತೆಗೆದಿಟ್ಟು ಮುಖ ತೊಳೆಯುವಾಗ ಲೆನ್ಸಿನ ಮುಚ್ಚಳವನ್ನು ಅದರ ಮಡಿಕೆಗೆ ತುರುಕಿದೆ. ಊಟವಾದ ಮೇಲೆ ಅವರ ತಲೆಯಿಂದಲೇ ತೆಗೆದು ಜಾದೂ ತೋರಿಸುವ ಹಂಚಿಕೆ. ಕ್ಯಾಮೆರಾ ಕಟ್ಟೆಯ ಮೇಲೆ ಸೂರ್ಯನಿಗೆ ಕಣ್ಣು ಕೊಟ್ಟು ಮಲಗಿತ್ತು. ಸಜ್ಜೆ ರೊಟ್ಟಿ, ಜುಣಕ, ಹರಟೆ. ಜಾದೂ ಮರೆತೆ. ಫೋಟೋ ತೆಗೆದು ಬಂದೆ.

ಪ್ರಿಂಟಿನಲ್ಲಿ ಹುಡುಗಿಯ ಗಲ್ಲದ ಮೇಲೊಂದು ಬಿಳಿ ಚುಕ್ಕಿ. ಬೆಳಕನ್ನು ಗಲ್ಲದ ಮೇಲೆ ಎಷ್ಟು ಚಂದ ಕೂಡಿಸಿದ್ದೇನೆಂದು ಬೀಗಿದೆ, ಕೊಟ್ಟೂಬಿಟ್ಟೆ.

ವಾರವಾದ ಮೇಲೆ ಆ ತಂದೆ ಸ್ಟುಡಿಯೋಕ್ಕೆ ಬಂದರು. ಕುಂದ್ರಿ ಅಂದರೆ ಕೂರಲಿಲ್ಲ.

"ಹುಡುಗಿಗೆ ತೊನ್ನ ಐತಿ ಅಂತ ಫೋಟೋ ವಾಪಸ್ ಕಳಿಸ್ಯಾರ್ರಿ. ಊರೆಲ್ಲಾ ಅದ ಮಾತ. ಇನ್ನ ಯಾರ ಬರತಾರ್ರಿ ನಮ್ಮನಿಗಿ?" ಎಂದು ಮೇಜಿನ ಮೇಲೆ ಏನೋ ಇಟ್ಟರು. "ರುಮಾಲ ಒಗಿಯಾಕ ಬಿಚ್ಚಿದ್ರ ಇದ ಬಿತ್ತು. ನಿಮದ ಏನ್ರಿ?"

ಮುಚ್ಚಳ! ಕ್ಯಾಮೆರಾದ ಬೆನ್ನು ತೆರೆದು ಬಾಗಿಲಿನ ಬೆಳಕಿಗೆ ಹಿಡಿದೆ. ಲೆನ್ಸು ಕೂಡಿಸಿದ ಬಿಸಿಲು ಕರಿ ಪರದೆಯನ್ನು ಸುಟ್ಟು ಸೂಜಿ ಚುಚ್ಚಿದಷ್ಟು ತೂತು ಮಾಡಿತ್ತು, ಅದು ಹುಡುಗಿಯ ಗಲ್ಲದ ಚುಕ್ಕಿಯಂತೆಯೇ ಮಿನುಗುತ್ತಿತ್ತು.

"ಇನ್ನೊಂದ ಫೋಟೋ ತಗದ ಕೊಡ್ತೀನ್ರಿ."

"ಪೆನ್ಸಿಲ್ ಹಚ್ಚಿ ತೊನ್ನ ಅಳಿಸ್ಯಾರ ಅಂತಾರ್ರಿ."

ಹೌದು, ನೆಗೆಟಿವಿನ ಮೇಲೆ ಪೆನ್ಸಿಲಿನಿಂದ ಎಷ್ಟು ಜನರ ಮೊಡವೆ ಅಳಿಸಿದ್ದೆನೋ, ನನಗೇ ಲೆಕ್ಕವಿರಲಿಲ್ಲ. ಆ ರಾತ್ರಿ ನಿದ್ದೆ ಹತ್ತಲಿಲ್ಲ. ಎದ್ದು ಅಡ್ಡಾಡಿದೆ, ಕೂತೆ, ಮತ್ತೆ ಎದ್ದೆ. ಕಡೆಗೊಂದು ಉಪಾಯ ಹೊಳೆಯಿತು. ಇಂಥದು ನನ್ನ ತಲೆಗಲ್ಲದೆ ಮತ್ತೆ ಯಾರ ತಲೆಗೆ ಹೊಳೆಯಬೇಕು?

ಮರುದಿನ ಬಿಳೂರಿನ ಮೊದಲ ಬಸ್ಸು ಹಿಡಿದೆ. ಗಂಡಿನ ತಾಯಿಗೆ, "ಅವ್ವಾರ, ಪುಗಸಟ್ಟೆ ಫೋಟೋ," ಎಂದೆ. ಪುಗಸಟ್ಟೆ ಅಂದ ಮೇಲೆ ಇಳಕಲ್ ಸೀರೆ ಉಟ್ಟೇ ಬಂದರು. ಚುಕ್ಕಿ ಬೀಳುವ ಜಾಗ ಅಳೆದಿಟ್ಟುಕೊಂಡಿದ್ದೆ. "ಒಂದ ಚೂರ ಎಡಕ್ಕ ಸರೀರಿ," ಎಂದು ಅವರ ಗಲ್ಲವನ್ನು ಸರಿಯಾಗಿ ಅಲ್ಲಿಗೇ ತಂದು ಗುಂಡಿ ಒತ್ತಿದೆ. ಜತ್ತಕ್ಕೆ ಓಡಿ ತೊಳೆದೆ, ಒಣಗುವ ತನಕ ಪ್ರಿಂಟಿಗೆ ಊದುತ್ತ ನಿಂತೆ, ಸಂಜೆ ಬಸ್ಸಿಗೆ ಮತ್ತೆ ಬಿಳೂರು.

ಫೋಟೋ ನೋಡಿ ಆಕೆ ಗಲ್ಲ ಸವರಿಕೊಂಡರು. ಒಳಗೆ ಹೋಗಿ ಕನ್ನಡಿ ನೋಡಿ ಬಂದರು. "ಏ ಮೂಳಾ, ನನಗೂ ತೊನ್ನ ಹಚ್ಚಿದೇನ?"

ಕ್ಯಾಮೆರಾ ತೆರೆದು ತೂತು ತೋರಿಸಿದೆ. ಮುಚ್ಚಳದ ಕಥೆಯನ್ನೂ ಒಪ್ಪಿಕೊಂಡೆ. ಆಕೆ ಒಂದು ಕಣ್ಣು ಮುಚ್ಚಿ ಆ ತೂತಿನೊಳಗೆ ಬಹಳ ಹೊತ್ತು ನೋಡಿದರು.

"ನಾಳೆ ವಳಸಂಗಕ್ಕ ನಾನ ಹೋಗಿ ಹುಡುಗಿನ್ನ ನೋಡತೀನಿ," ಎಂದರು. "ನಿನ್ನ ಕ್ಯಾಮೆರಾ ಮಾತ್ರ ತರಬ್ಯಾಡ."

ಮಾಲಕರ ಬೈಗುಳ ತಿಂದು, ಸೈಕಲ್ ಪಂಕ್ಚರಿನ ಸೊಲ್ಯೂಷನ್ನಿಗೆ ದೀಪದ ಕಾಡಿಗೆ ಕಲಸಿ ಪರದೆಗೆ ತೇಪೆ ಹಚ್ಚಿದೆ. ಮದುವೆಯ ದಿನ ಫೋಟೋಕ್ಕೆ ನಿಲ್ಲಿಸಿದಾಗ ಮದುಮಗಳು ಅಲುಗಾಡಲಿಲ್ಲ, ಕೈ ಮಾತ್ರ ಮುಂದೆ ಚಾಚಿದಳು.

"ಮೊದಲ ಮುಚ್ಚಳ ಇಲ್ಲಿ ಕೊಡ್ರಿ, ಅಣ್ಣಾರ."

ಕೊಟ್ಟೆ. ಎಲ್ಲ ಫೋಟೋ ಮುಗಿಯುವ ತನಕ ಅದು ಅವಳ ಮುಷ್ಟಿಯಲ್ಲೇ ಇತ್ತು.