ಓವನ್‌ನೊಳಗಿನ ಈಳಿಗೆಮಣೆ

ಬೆಳಿಗ್ಗೆ ಈಳಿಗೆಮಣೆ ತೊಳೆದೆ. ನೀರು ಬಿದ್ದರೆ ಸಾಕು, ಅದರಿಂದ ಈಗಲೂ ಸುಟ್ಟ ಮರದ ವಾಸನೆ ಏಳುತ್ತದೆ. ನಿಮಗೆ ಗೊತ್ತಾಗಲಿಕ್ಕಿಲ್ಲ, ತಪ್ಪು ಮಾಡಿದವರ ಮೂಗು ಸ್ವಲ್ಪ ಚುರುಕು.

ಎಂಬತ್ತರ ದಶಕದ ಮಾತು. ನಾನು ಏಳನೇ ಕ್ಲಾಸಿಗೇ ಪುಸ್ತಕ ಮುಚ್ಚಿದವಳು. ವಾಲ್ನಟ್ ಕ್ರೀಕಿನ ಅಕ್ಕನ ಅಪಾರ್ಟ್‌ಮೆಂಟಿನಲ್ಲಿ ಅಡುಗೆ ನೋಡಿಕೊಂಡಿದ್ದೆ. ಅಕ್ಕ ಓಕ್ಲೆಂಡಿನಲ್ಲಿ ಕಾಂಬೋಡಿಯಾದ ನಿರಾಶ್ರಿತರು ಬರುವ ಕ್ಲಿನಿಕ್ಕಿನಲ್ಲಿ ನರ್ಸು. ಅಲ್ಲಿಗೆ ಬರುತ್ತಿದ್ದ ಬೋಫಾಳಿಗೆ ಹತ್ತೊಂಬತ್ತು ವರ್ಷ. ಹತ್ತು ವರ್ಷದವಳಿದ್ದಾಗ, ಅವಳ ಜನರನ್ನೇ ಕೊಂದ ಪಡೆಯವರು ಅವಳ ಕೈಗೆ ಬಂದೂಕು ಕೊಟ್ಟು ಸೈನಿಕಳನ್ನಾಗಿ ಮಾಡಿದ್ದರಂತೆ. ಅದಕ್ಕೇ ಅವಳ ಜನ ಯಾರೂ ಅವಳ ಪಕ್ಕ ಕೂತು ಉಣ್ಣುತ್ತಿರಲಿಲ್ಲ. ಬಳಗದಲ್ಲಿ ಉಳಿದಿದ್ದ ಒಬ್ಬ ದೊಡ್ಡಮ್ಮನೂ ಬಾಗಿಲು ತೆರೆಯುತ್ತಿರಲಿಲ್ಲ.

“ಶನಿವಾರ ಊಟಕ್ಕೆ ಕರ್ಕೊಂಡ್ ಬರ್ತೀನಿ ಕಣೇ. ಮನೆ ಹುಡುಗಿ ಥರ ತರಕಾರಿ ಹೆಚ್ಚೋಕೆ ಕೂರಿಸು. ಅದೇ ಔಷಧಿ ಅವಳಿಗೆ,” ಎಂದಳು ಅಕ್ಕ.

ಆಗಲಿ ಎಂದೆ. ಶನಿವಾರ ಅವಳನ್ನು ಕರೆತರಲು ಹೊರಟ ಅಕ್ಕನ ಕಾರು ಫ್ರೀವೇ ಸೇರುವ ಮೊದಲೇ ಮನೆಯಲ್ಲಿ ಹರಿತ ಎನ್ನುವುದೆಲ್ಲ ಓವನ್ ಸೇರಿತ್ತು. ಈಳಿಗೆಮಣೆ, ಮೂರು ಚಾಕು, ಕತ್ತರಿ, ಕೊನೆಗೆ ಉಗುರು ಕತ್ತರಿಸುವುದೂ. ನಮ್ಮವರ ಮನೆಯಲ್ಲಿ ಓವನ್ ಎಂದರೆ ಬಾಣಲೆ ಇಡುವ ಕಪಾಟು ತಾನೆ? ಅದನ್ನು ಯಾರಾದರೂ ಹಚ್ಚುತ್ತಾರೆಂದು ನನಗೆ ಹೊಳೆಯಲೇ ಇಲ್ಲ.

ಬೋಫಾ ಬಂದಳು, ಕೈಯಲ್ಲಿ ಕೇಕಿನ ಹಿಟ್ಟು. ಕ್ಲಿನಿಕ್ಕಿನ ಅಡುಗೆ ಕ್ಲಾಸಿನಲ್ಲಿ ಕಲಿತಂತೆ ಮೊದಲು ಓವನ್ ಬಿಸಿಗಿಟ್ಟಳು. ಹೊಗೆ ಬಂತು, ಅಲಾರ್ಮು ಕೂಗಿತು. ಅವಳು ಬಾಗಿಲು ತೆರೆದು ಒಂದೊಂದಾಗಿ ಎಲ್ಲವನ್ನೂ ಹೊರಗಿಟ್ಟಳು. ಕೊನೆಗೆ ಉಗುರು ಕತ್ತರಿಸುವುದು.

“ಏನೇ ಇದು?” ಎಂದಳು ಅಕ್ಕ.

“ಶನಿವಾರ ನಾವು ಕಬ್ಬಿಣ ಮುಟ್ಟಲ್ಲ ಅಂತ ಹೇಳು ಅವಳಿಗೆ. ಶನಿದೇವರು,” ಎಂದೆ.

ಅಕ್ಕ ನನ್ನ ಮುಖ ನೋಡದೆ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. ಬೋಫಾ ಹೊಗೆಯಾಡುತ್ತಿದ್ದ ಈಳಿಗೆಮಣೆಗೆ ಭಕ್ತಿಯಿಂದ ಕೈಮುಗಿದಳು. ಅಕ್ಕ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು.

ಆಮೇಲೆ ಪ್ರತಿ ಶನಿವಾರ ಬಂದ ಬೋಫಾ ಈ ವ್ರತವನ್ನು ನಮಗೆ ತಪ್ಪಿಸಲು ಬಿಡಲಿಲ್ಲ. ಹುರುಳಿಕಾಯಿ ಮುರಿದೆವು, ಕೋಸು ಹರಿದೆವು. ಕುಂಬಳಕಾಯನ್ನು ಬಾಲ್ಕನಿಯಲ್ಲಿ ಎತ್ತಿ ಕುಕ್ಕಿದೆವು. ಅರ್ಧ ಕೆಳಗಿನವರ ಕಾರಿನ ಮೇಲೆ ಬಿತ್ತು. ಅವರಿಗೂ ಶನಿದೇವರ ವಿಷಯ ಹೇಳಬೇಕಾಯಿತು.

ಕೆಲವು ತಿಂಗಳಾದ ಮೇಲೆ ಅಕ್ಕ ಆ ದೊಡ್ಡಮ್ಮನನ್ನು ಹೇಗೋ ಒಪ್ಪಿಸಿ ಕರೆತಂದಳು. ಮುದುಕಿ ಬಾಗಿಲಲ್ಲೇ ನಿಂತು ಅಡುಗೆಮನೆಯನ್ನೆಲ್ಲ ಕಣ್ಣಲ್ಲೇ ಶೋಧಿಸಿದಳು. ಒಂದು ಚಾಕೂ ಇಲ್ಲ. ನೆಲದ ಮೇಲೆ ಕೂತ ಬೋಫಾ ಸೌತೆಕಾಯಿಗೆ ಗುದ್ದು ಹಾಕುತ್ತಿದ್ದಳು. ಒಂದು ಬೀಜ ಹಾರಿ ಮುದುಕಿಯ ಕನ್ನಡಕಕ್ಕೆ ಅಂಟಿತು. ಮುದುಕಿ ಅದನ್ನು ಒರೆಸಿಕೊಂಡು, ಚಪ್ಪಲಿ ಬಿಟ್ಟು, ಬೋಫಾಳ ಪಕ್ಕ ಕೂತು ಹುರುಳಿಕಾಯಿಯ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು.

ಬೋಫಾ ದೊಡ್ಡಮ್ಮನ ಮನೆ ಸೇರಿದಳು. ಎಲ್ಲರೂ ನನ್ನ ಶನಿದೇವರನ್ನು ಹೊಗಳಿದರು. ಹೊಗಳಿದಾಗಲೆಲ್ಲ ನಾನು ಪಾತ್ರೆ ತೊಳೆಯಲು ಎದ್ದು ಹೋಗುತ್ತಿದ್ದೆ. ನಾನು ಅವಳನ್ನು ನಂಬಲಿಲ್ಲ, ಅವಳು ನನ್ನ ಅಪನಂಬಿಕೆಗೆ ಕೈಮುಗಿದಿದ್ದಳು. ಅಕ್ಕ ಹೇಳಿದ ಔಷಧಿಯನ್ನು ನಾನು ಒಂದು ದಿನವೂ ಕೊಡಲಿಲ್ಲ.

ಹೋದ ವಾರ ಫೋನಿನಲ್ಲಿ ಬೋಫಾ, ಸ್ಯಾನ್ ರಮೋನಿನಲ್ಲಿರುವ ತನ್ನ ಮಗಳೂ ಶನಿವಾರ ಚಾಕು ಮುಟ್ಟುವುದಿಲ್ಲ ಎಂದಳು. ನನಗೆ ತಡೆಯಲಾಗಲಿಲ್ಲ. ನನ್ನ ಇಂಗ್ಲಿಷಿನಲ್ಲಿ ಎಲ್ಲ ಹೇಳಿಬಿಟ್ಟೆ. ಅವಳದೂ ನನ್ನದೂ ಒಂದೇ ತರಗತಿಯ ಇಂಗ್ಲಿಷು.

“ಗೊತ್ತಿತ್ತು,” ಎಂದಳು ಬೋಫಾ. “ಉಗುರು ಕತ್ತರಿಸೋದೂ ಇತ್ತಲ್ಲ.”

ಮತ್ತೆ ಇಷ್ಟು ವರ್ಷ ಯಾಕೆ ಪಾಲಿಸಿದೆ ಎಂದು ಕೇಳಿದೆ.

“ನಿಮ್ಮ ಭಯ ಹೋಗ್ಲಿ ಅಂತ ಕಾದೆ.”

ಔಷಧಿ ಯಾರು ಯಾರಿಗೆ ಕೊಡುತ್ತಿದ್ದರು ಎಂದು ಯೋಚಿಸುತ್ತ ಈ ವಾರವೆಲ್ಲ ಕಳೆದೆ. ಇವತ್ತು ಶನಿವಾರ. ಈಳಿಗೆಮಣೆಯನ್ನು ಒರೆಸಿ ನೆಲದ ಮೇಲೆ ಇಟ್ಟಿದ್ದೇನೆ. ಪಕ್ಕದಲ್ಲಿ ಇಡೀ ಕುಂಬಳಕಾಯಿ. ಹೆಚ್ಚುವವಳು ಊಟಕ್ಕೆ ಬರುತ್ತಿದ್ದಾಳೆ.