ಹಾಡು ನಿಲ್ಲಿಸುತ್ತಿದ್ದ ಕ್ಯಾಪ್ಟನ್

ಪರದೆ ಹೊಲಿಯುವವನಿಗೆ ಕ್ಯಾಪ್ಟನ್ ಎಂದು ಹೆಸರಿಟ್ಟವರು ಯಾರು ಎಂದು ಕೇಳಿದರೆ ಅವನು ಕೊರಳಲ್ಲಿ ನೇತಾಡುವ ಅಳತೆ ಟೇಪನ್ನು ಸರಿಮಾಡಿಕೊಂಡು, "ಇನ್ಯಾರು, ನಾನೇ! ಬೇರೆಯವರು ಇಡ್ತಾರೇನೋ ಅಂತ ಎರಡು ವರ್ಷ ಕಾದೆ. ಯಾರೂ ಇಡಲಿಲ್ಲ," ಎನ್ನುತ್ತಾನೆ. ಈ ಕಥೆಯನ್ನು ಊರೆಲ್ಲ ಹರಡಿದವನೂ ಅವನೇ. ಕಿಟಕಿಯ ಅಳತೆ ತೆಗೆಯಲು ಹೋದ ಮನೆಗಳಲ್ಲೆಲ್ಲ, ಸ್ಟೂಲಿನ ಮೇಲೆ ನಿಂತುಕೊಂಡೇ ಹೇಳಿದ್ದಾನೆ.

ಅವರ ಬ್ಯಾಂಡಿಗೆ ಇಪ್ಪತ್ತೆರಡು ವರ್ಷ. ಗಿಟಾರು, ಹಾಡು ಎರಡೂ ಕ್ಯಾಪ್ಟನ್‌ದು. ಬೇಸ್ ಗಿಟಾರು ಅವನ ಹೆಂಡತಿಯ ತಮ್ಮನದು. ಡ್ರಮ್ಮು ಬಾರಿಸುವವನು ಬೇಕರಿಯ ವ್ಯಾನು ಓಡಿಸುವ ಹಳೆಯ ಗೆಳೆಯ. ಕೀಬೋರ್ಡಿಗೆ ಮೇಷ್ಟ್ರು, ಶಾಲೆಯಲ್ಲಿ ಭೂಗೋಳ ಹೇಳಿಕೊಟ್ಟು ನಿವೃತ್ತರಾದವರು. ತಿಂಗಳ ಮೊದಲ ಭಾನುವಾರ ಮಧ್ಯಾಹ್ನ ಬಡಾವಣೆಯ ಸಭಾಂಗಣದಲ್ಲಿ ಹಿರಿಯರು ಜೋಡಿಜೋಡಿಯಾಗಿ ಕುಣಿಯಲು ಸೇರುತ್ತಾರೆ. ಅವರಿಗೆ ಇವರ ಬ್ಯಾಂಡೇ ಆಗಬೇಕು.

ಬ್ಯಾಂಡಿನಲ್ಲಿ ಕ್ಯಾಪ್ಟನ್ ಇಟ್ಟುಕೊಂಡಿದ್ದ ಅಧಿಕಾರ ಒಂದೇ. ಹಾಡು ಮುಗಿಯುವಾಗ ಅವನು ಕಣ್ಣು ಮುಚ್ಚಿ, ಗಿಟಾರಿನ ಮೂತಿಯನ್ನು ಮೇಲೆತ್ತಿ, ಒಮ್ಮೆ ಕೆಳಕ್ಕೆ ಇಳಿಸುತ್ತಿದ್ದ. ನಾಲ್ಕೂ ವಾದ್ಯಗಳು ಕತ್ತರಿ ಹಾಕಿದ ಹಾಗೆ ನಿಲ್ಲುತ್ತಿದ್ದವು.

"ಹಾಡು ಶುರು ಮಾಡೋದು ಯಾವನು ಬೇಕಾದ್ರೂ ಮಾಡ್ತಾನೆ ಕಣೇ. ನಿಲ್ಲಿಸೋಕೆ ಒಬ್ಬ ಕ್ಯಾಪ್ಟನ್ ಬೇಕು," ಎಂದು ಮನೆಯಲ್ಲಿ ಹೇಳಿಕೊಳ್ಳುತ್ತಿದ್ದ.

"ನಿಮ್ಮ ಮಾತಿಗೂ ಒಬ್ಬ ಕ್ಯಾಪ್ಟನ್ ಇದ್ದಿದ್ರೆ ಚೆನ್ನಾಗಿತ್ತು ರೀ," ಎನ್ನುತ್ತಿದ್ದಳು ಹೆಂಡತಿ.

ಹೀಗಿರುವಾಗ ಮೇಷ್ಟ್ರ ಬೆರಳ ಗಂಟುಗಳಿಗೆ ನೋವು ಹತ್ತಿಕೊಂಡಿತು. ಷರ್ಟಿನ ಗುಂಡಿ ಹಾಕಿಕೊಳ್ಳಲೂ ಆಗದ ಮೇಲೆ ಕೀಬೋರ್ಡಿನ ಮಾತೆಲ್ಲಿ? ಅವರ ಜಾಗಕ್ಕೆ ಹಲ್ಲಿನ ಡಾಕ್ಟರ ಹತ್ತಿರ ಕೆಲಸ ಮಾಡುವ ಹೆಣ್ಣುಮಗಳೊಬ್ಬಳು ಬಂದಳು. ಒಂದು ಹೆಗಲಿಗೆ ಕೀಬೋರ್ಡು, ಇನ್ನೊಂದು ಬದಿಯ ಸೊಂಟದ ಮೇಲೆ ಹತ್ತು ತಿಂಗಳ ಮಗಳು. ಗಂಡನಿಗೆ ಭಾನುವಾರವೂ ಪಾಳಿಯಂತೆ.

ಅಭ್ಯಾಸ ನಡೆಯುವುದು ಕ್ಯಾಪ್ಟನ್‌ನ ಅಂಗಡಿಯಲ್ಲೇ. ಹೊಲಿಗೆ ಯಂತ್ರವನ್ನು ಗೋಡೆಗೆ ನೂಕಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕೀಬೋರ್ಡು ಇಟ್ಟರು. ಹೊಲಿದಿಟ್ಟ ಮಖಮಲ್ಲಿನ ಪರದೆಗಳ ರಾಶಿಯೇ ಮಗುವಿಗೆ ಹಾಸಿಗೆಯಾಯಿತು. ಯಾವುದೋ ಮನೆಯ ಮಲಗುವ ಕೋಣೆಗೆ ಹೋಗಬೇಕಾದ ಪರದೆ. ಹೇಗೂ ಮಲಗುವುದಕ್ಕೇ ತಾನೇ ಎಂದು ಕ್ಯಾಪ್ಟನ್ ಸುಮ್ಮನಾದ.

"ಅಂಕಲ್, ಹಾಡು ಎಲ್ಲಿಗೆ ನಿಲ್ಲಿಸ್ಬೇಕು?" ಎಂದು ಕೇಳಿದಳು.

ಅಂಕಲ್ ಎಂದದ್ದು ಚುರ್ ಎನಿಸಿದರೂ ಪ್ರಶ್ನೆ ಬಹಳ ಹಿಡಿಸಿತು. "ನನ್ನ ಕಡೆ ನೋಡ್ತಿರಮ್ಮ. ಈ ಮೂತಿ ಎತ್ತಿ ಇಳಿಸಿದ್ನೋ, ಮುಗೀತು."

ಹೇಳಿದ ಮಾತು ಕೇಳುವ ಜಾತಿ ಅವಳು. ನೋಡುತ್ತಲೇ ಇದ್ದಳು. ಹಾಡು ಕೊನೆಗೆ ಬಂತು. ಕ್ಯಾಪ್ಟನ್ ಕಣ್ಣು ಮುಚ್ಚಿಕೊಂಡು ಕಾದ. ಏನನ್ನು ಕಾಯುತ್ತಿದ್ದೇನೆ ಎಂದು ಅವನಿಗೇ ಗೊತ್ತಿರಲಿಲ್ಲ. ಬರಬೇಕಾದ್ದೇನೋ ಬರಲಿಲ್ಲ, ಕೈ ಮೇಲೇಳಲಿಲ್ಲ. ಪಲ್ಲವಿ ಮತ್ತೆ ಶುರುವಾಯಿತು. ಇನ್ನೊಂದು ಸುತ್ತು. ಮತ್ತೊಂದು.

"ಲೋ, ನಿಲ್ಲಿಸೋ! ನನ್ನ ಕೈ ಕಳಚಿ ಬೀಳ್ತಿದೆ!" ಎಂದು ಡ್ರಮ್ಮಿನವನು ಕೂಗಿಕೊಂಡ.

ಐದನೇ ಸುತ್ತಿಗೆ ಮಗು ಎದ್ದು ಅತ್ತಿತು. ತಾಯಿ ಕೀಬೋರ್ಡು ಬಿಟ್ಟು ಓಡಿದಳು. ಕೀಬೋರ್ಡಿನ ಸದ್ದು ನಿಂತಿತು. ನಿಂತ ಮರುಕ್ಷಣ ಕ್ಯಾಪ್ಟನ್‌ನ ಗಿಟಾರು ತನ್ನಷ್ಟಕ್ಕೆ ಠೀವಿಯಿಂದ ಮೂತಿ ಎತ್ತಿ ಇಳಿಸಿತು.

ಅಂಗಡಿಯಲ್ಲಿ ಮಗುವಿನದೊಂದೇ ದನಿ.

"ಭಾವ," ಎಂದ ಬಾಮೈದ ಮೆಲ್ಲಗೆ, "ಕೀಬೋರ್ಡು ನಿಂತ ಮೇಲೆ ನೀವು ಎತ್ತಿದ್ರಿ."

"ಸುಮ್ನಿರೋ, ಮಗು ಅತ್ತಿದ್ದಕ್ಕೆ ಎತ್ತಿದೆ."

ಮಗುವಿಗೆ ಹಾಲು ಕುಡಿಸಿ ಮಲಗಿಸಿ ಮತ್ತೊಮ್ಮೆ ನುಡಿಸಿದರು. ಈ ಸಲ ಮಗು ಏಳಲಿಲ್ಲ, ಹಾಡೂ ಮುಗಿಯಲಿಲ್ಲ.

ಅಂದೇ ಸಂಜೆ ಅವನು ಮೇಷ್ಟ್ರಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದ. ಮೇಷ್ಟ್ರು ಪಾಠ ಹೇಳುವ ದನಿಯಲ್ಲಿ ನಿಧಾನವಾಗಿ ಹೇಳಿದರು: "ಡ್ರಮ್ಮಿನವನ ಮೂಗಿನ ತುದಿ ಕೆಂಪಾಗುತ್ತಲ್ಲಪ್ಪ, ಆಗ ನಾನು ನಿಲ್ಲಿಸ್ತಿದ್ದೆ. ಆಮೇಲೆ ನೀನು ಎತ್ತುತ್ತಿದ್ದೆ. ಕಣ್ಣು ಮುಚ್ಚಿಕೊಂಡು ಎತ್ತೋದು ನೋಡೋಕೆ ಚೆಂದವಾಗೂ ಇತ್ತು."

"ಇಪ್ಪತ್ತೆರಡು ವರ್ಷ ಒಂದು ಮಾತು ಹೇಳಲಿಲ್ಲವಲ್ಲ ಮೇಷ್ಟ್ರೇ!"

"ನೀನು ಕೇಳಲಿಲ್ಲವಲ್ಲಪ್ಪ."

ಫೋನಿಟ್ಟು ಕ್ಯಾಪ್ಟನ್ ಕನ್ನಡಿಯ ಮುಂದೆ ನಿಂತ. ರೈಲು ಹೊರಟ ಮೇಲೆ ಹಸಿರು ಬಾವುಟ ಬೀಸಿ, ಹೊರಡಿಸಿದ್ದೇ ನಾನು ಎಂದು ಎದೆಯುಬ್ಬಿಸುವ ಒಬ್ಬ ಮನುಷ್ಯ ಅಲ್ಲಿ ಕಂಡ. ಹೊಟ್ಟೆಯೂ ಸ್ವಲ್ಪ ಉಬ್ಬಿತ್ತು. ಮುಂದಿನ ಭಾನುವಾರವೇ ಸಭಾಂಗಣದ ಕುಣಿತ. ಅಲ್ಲೂ ಹೀಗೇ ಆದರೆ, ಮೊಣಕಾಲು ನೋವಿನ ಹಿರಿಯರು ಕುಣಿದು ಕುಣಿದು ಅಲ್ಲೇ ಕುಸಿದಾರು. ಅವನ ಕ್ಯಾಪ್ಟನ್‌ಗಿರಿ ಅವರಿಗಿಂತ ಮೊದಲೇ ಕುಸಿದೀತು.

ಸುಲಭದ ದಾರಿ ಒಂದು ಹೊಳೆಯಿತು. ಬುಧವಾರ ಹಲ್ಲಿನ ಡಾಕ್ಟರ ಬಾಗಿಲಲ್ಲಿ ಕಾದು ನಿಂತು, ಕೀಬೋರ್ಡಿನವಳು ಹೊರಗೆ ಬಂದಾಗ ಗುಟ್ಟಿನಲ್ಲಿ ಹೇಳಿದ: "ನೋಡಮ್ಮ, ಡ್ರಮ್ಮಿನವನ ಮೂಗು ಕೆಂಪಾದ ತಕ್ಷಣ ನೀನೇ ನಿಲ್ಲಿಸಿಬಿಡು. ಹಿಂದೇನೇ ನಾನು ಎತ್ತಿಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ."

"ಎಲ್ಲರಿಗೂ ಗೊತ್ತಾಗಿದೆಯಲ್ಲ ಅಂಕಲ್."

"ಸಭಾಂಗಣದವರಿಗೆ ಗೊತ್ತಿಲ್ಲ."

ಅವಳು ನಗಲಿಲ್ಲ. ಅದೇ ಅವಳ ದೊಡ್ಡ ಗುಣ. "ನನ್ನ ಕೈಲಾಗಲ್ಲ ಅಂಕಲ್. ನುಡಿಸುವಾಗ ನನ್ನ ಒಂದು ಕಣ್ಣು ಪಾಪು ಮೇಲೆ. ಇನ್ನೊಂದು ನಿಮ್ಮ ಮೇಲೆ. ಡ್ರಮ್ಮಿನ ಅಂಕಲ್ ಮೂಗು ನೋಡೋಕೆ ಮೂರನೇ ಕಣ್ಣೆಲ್ಲಿ ತರಲಿ? ನೀವು ನಿಲ್ಲಿಸಿ. ನೀವು ಎತ್ತದೆ ನಾನು ನಿಲ್ಲಿಸಲ್ಲ."

ಹೀಗೆ ಐವತ್ನಾಲ್ಕನೇ ವಯಸ್ಸಿನಲ್ಲಿ ಕ್ಯಾಪ್ಟನ್ ಹಾಡು ನಿಲ್ಲಿಸುವುದನ್ನು ಕಲಿಯಲು ಕೂತ. ಪರದೆಯ ನೆರಿಗೆ ಹಿಡಿಯುತ್ತಾ ಹಾಡಿನ ಸಾಲು ಎಣಿಸಿದ. ಗಿಟಾರು ಕೈಯಲ್ಲಿಲ್ಲದಾಗ ಮೀಟರು ಕೋಲನ್ನೇ ಎತ್ತಿ ಇಳಿಸಿದ. ಗಿರಾಕಿ ಹೆಂಗಸೊಬ್ಬರು ಬಣ್ಣ ಮಾಸುವ ಬಟ್ಟೆಯ ಬಗ್ಗೆ ಜಗಳಕ್ಕೆ ಬಂದಿದ್ದವರು, ಕೋಲು ಎದ್ದದ್ದನ್ನು ಕಂಡು ಗಪ್ ಎಂದು ಬಾಯಿ ಮುಚ್ಚಿದರು. ಪಾಪ, ಅವರು ಹೆದರಿದ್ದರು. ಇವನು ಅದನ್ನೇ ಶಕುನವೆಂದುಕೊಂಡ.

ಭಾನುವಾರ ಸಭಾಂಗಣದಲ್ಲಿ ಮೊದಲ ಹಾಡು ಒಂದು ಸುತ್ತು ಹೆಚ್ಚಾದರೂ ಹೇಗೋ ನಿಂತಿತು. ಎರಡನೆಯದು ಜೋರಾಗಿ ಸಾಗಿತ್ತು. ನಡುವೆ ಗಿಟಾರಿನ ಪಟ್ಟಿ ಹೆಗಲಿನಿಂದ ಜಾರಿತು. ಕ್ಯಾಪ್ಟನ್ ಸರಿಮಾಡಿಕೊಳ್ಳಲೆಂದು ಹೆಗಲು ಕುಣಿಸಿದ. ಮೂತಿ ಮೇಲೆದ್ದಿತು, ಕೆಳಗಿಳಿಯಿತು.

ಮೂರೂ ವಾದ್ಯಗಳು ಒಟ್ಟಿಗೆ ನಿಂತವು. ಅರ್ಧ ಸಾಲು ಹಾಡಿಕೊಂಡು ಅವನೊಬ್ಬನೇ ಮುಂದೆ ಹೋಗಿ, ಹಿಂದೆ ಯಾರೂ ಬರುತ್ತಿಲ್ಲವೆಂದು ತಿಳಿದು ತಾನೂ ನಿಂತ. ಕುಣಿಯುತ್ತಿದ್ದವರು ಎತ್ತಿದ ಕಾಲು ಎತ್ತಿದ ಹಾಗೇ ಇದ್ದರು.

ಅವನ ಕಿವಿ ಬಿಸಿಯಾಯಿತು. ಮೈಕು ಕೆಟ್ಟಿದೆ ಎಂದುಬಿಡಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಕೀಬೋರ್ಡಿನ ಹೊಸ ಹುಡುಗಿ ರೆಪ್ಪೆ ಮಿಟುಕಿಸದೆ ಅವನನ್ನೇ ನೋಡುತ್ತಿದ್ದಳು.

"ತಪ್ಪಾಯ್ತು," ಎಂದ ಮೈಕಿನಲ್ಲಿ. "ಇದನ್ನ ನಿಲ್ಲಿಸಿದ್ದು ನಾನೇ. ಹಿಂದಿನ ಇಪ್ಪತ್ತೆರಡು ವರ್ಷ ನಿಲ್ಲಿಸಿದ್ದು ಮೇಷ್ಟ್ರು. ನನಗೆ ಹೋದ ವಾರ ಗೊತ್ತಾಯ್ತು."

ಸಭಾಂಗಣ ನಕ್ಕಿತು. ಎಲ್ಲರಿಗಿಂತ ಜೋರಾಗಿ ಹಿಂದಿನ ಸಾಲಿನಲ್ಲಿ ಆ ಮಗುವನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಅವನ ಹೆಂಡತಿ ನಕ್ಕಳು. "ಅದೆಲ್ಲ ಇರಲಿ, ಮುಂದೆ ನುಡಿಸಪ್ಪ, ಒಂಟಿಕಾಲಲ್ಲಿ ಎಷ್ಟು ಹೊತ್ತು ನಿಲ್ಲಲಿ?" ಎಂದರು ಒಬ್ಬ ಅಜ್ಜಿ.

ಕೊನೆಯ ಹಾಡಿಗೆ ಕ್ಯಾಪ್ಟನ್ ಕಣ್ಣು ಮುಚ್ಚಲಿಲ್ಲ. ತೆರೆದ ಕಣ್ಣಿಗೆ ಏನೇನೆಲ್ಲ ಕಂಡಿತು! ಬಾಮೈದ ಬಾಯಿ ತೆರೆದುಕೊಂಡು ನುಡಿಸುತ್ತಿದ್ದ. ಡ್ರಮ್ಮಿನವನ ಮೂಗು ನಿಜಕ್ಕೂ ಕೆಂಪೇರುತ್ತಿತ್ತು. ಆ ಅಜ್ಜಿಯ ಹೆಜ್ಜೆ ತಡವಾಗತೊಡಗಿತ್ತು. ಇಷ್ಟನ್ನೂ ಮೇಷ್ಟ್ರು ಒಬ್ಬರೇ ನೋಡಿಕೊಂಡಿದ್ದರಲ್ಲ ಎನಿಸಿತು ಅವನಿಗೆ. ನಾಲ್ಕು ಎಣಿಸಿದ. ಎತ್ತಿದ. ಇಳಿಸಿದ.

ಹಾಡು ನಿಂತಿತು. ಡ್ರಮ್ಮಿಗೆ ಮಾತ್ರ ಒಂದು ಏಟು ಹೆಚ್ಚಿಗೆ ಬಿತ್ತು.

ಚಪ್ಪಾಳೆಯ ನಡುವೆ ಕ್ಯಾಪ್ಟನ್ ಹಿಂದೆ ತಿರುಗಿದ.

"ಏನೋ ಹಂಗೆ ನೋಡ್ತೀಯಾ?" ಎಂದ ಡ್ರಮ್ಮಿನವನು.

"ನಾನು ಮೊದಲು ನಿಲ್ಲಿಸಿದೆ. ನೀನು ಆಮೇಲೆ ಹೊಡೆದೆ. ತಪ್ಪು ನಿಂದು!"

ಅಷ್ಟು ಖುಷಿಯಿಂದ ಯಾರನ್ನಾದರೂ ಬೈದದ್ದು ಅವನಿಗೆ ನೆನಪಿರಲಿಲ್ಲ. ಡ್ರಮ್ಮಿನವನು ಮೂಗು ಒರೆಸಿಕೊಂಡು, "ಹೌದಲ್ವಾ," ಎಂದು ಒಪ್ಪಿಕೊಂಡ.