ಸಿಂಗಾಪುರಕ್ಕೆ ಹೋದ ಸಹಿ

ಹಳ್ಳಿಯಲ್ಲಿ ಇಂಗ್ಲಿಷ್ ಕಲಿಸುವ ಮಾಸ್ತರನ ಬಲಗೈ ಅವನದಲ್ಲ, ಊರಿನದು. ಗುಡಗೇರಿಯ ಹೈಸ್ಕೂಲಿಗೆ ಬಂದ ಮೂರನೆಯ ತಿಂಗಳಿಗೇ ಇದು ನನಗೆ ಮನವರಿಕೆಯಾಗಿತ್ತು. ಹೊಲದ ಖರೀದಿ ಪತ್ರವಿರಲಿ, ಅಣ್ಣತಮ್ಮಂದಿರು ಆಸ್ತಿ ಹಂಚಿಕೊಳ್ಳುವ ವಾಟ್ನಿ ಪತ್ರವಿರಲಿ, ಪೊಲೀಸ್ ಕೆಲಸಕ್ಕೆ ಹೊರಟವನ ನಡತೆಯ ಪ್ರಮಾಣಪತ್ರವಿರಲಿ, ಸಾಕ್ಷಿದಾರನ ಜಾಗ ಖಾಲಿ ಕಂಡರೆ ಜನಕ್ಕೆ ನನ್ನ ಮುಖ ನೆನಪಾಗುತ್ತಿತ್ತು. ಓದದೆ ಸಹಿ ಮಾಡಬಾರದೆಂದು ತರಗತಿಯಲ್ಲಿ ಬೋಧಿಸಿ, ಹೊರಗೆ ಬಂದು ಬೇವಿನ ಗಿಡದ ಕೆಳಗೆ ಓದದೆ ಸಹಿ ಮಾಡುವುದು ನನಗೆ ರೂಢಿಯಾಯಿತು. ಸೋಮಾರಿತನದಿಂದಲ್ಲ, ದಣಿವಿನಿಂದ. ದಣಿದವನ ಅಲಕ್ಷ್ಯ ಸೋಮಾರಿಯ ಅಲಕ್ಷ್ಯಕ್ಕಿಂತ ಅಪಾಯದ್ದೆಂದು ಈಗ ತಿಳಿದಿದೆ. ಏಕೆಂದರೆ ದಣಿದವನನ್ನು ಜನ ನಂಬುತ್ತಾರೆ.

ನನ್ನನ್ನು ಎಲ್ಲರಿಗಿಂತ ಹೆಚ್ಚು ನಂಬಿದವನು, ಎಲ್ಲರಿಗಿಂತ ಹೆಚ್ಚು ದಣಿಸಿದವನೂ ಹೌದು, ಸ್ಟೇಶನ್ ರಸ್ತೆಯ ಮೆಣಸಿನಕಾಯಿ ವ್ಯಾಪಾರಿ ನಿಂಗಪ್ಪ. ಅವನ ತಂದೆ ಗುರುಶಾಂತಪ್ಪನವರು ಹಾಕಿದ ಅಂಗಡಿ ಅದು. ನಮ್ಮ ಭಾಗದ ಕಾಯಿ ಮುಂಬೈಗೆ ಹೋಗಿ, ಅಲ್ಲಿ ಬೇರೆಯವರ ಚೀಲ ಸೇರಿ, ಬೇರೆಯವರ ಮುದ್ರೆ ಹೊತ್ತು ಸಿಂಗಾಪುರದಲ್ಲಿ ಮಾರಾಟವಾಗುತ್ತದೆಂಬ ಸಂಗತಿ ಅವನ ಕಿವಿಗೆ ಬಿದ್ದಿತ್ತು. ಅಂದಿನಿಂದ ಅವನಿಗೆ ಒಂದೇ ಹಟ. ಸಿಂಗಾಪುರದಲ್ಲಿ ತಾನೇ ಒಂದು ಕಂಪನಿಯನ್ನು ನೋಂದಾಯಿಸಬೇಕು; ಅಲ್ಲಿನ ಚೀಲದ ಮೇಲೆ ತನ್ನ ತಂದೆಯ ಹೆಸರಿರಬೇಕು.

ತುರ್ತು ಪರಿಸ್ಥಿತಿಯ ದಿನಗಳು ಅವು. ಕಚೇರಿಯವರು ಗಡಿಯಾರಕ್ಕಿಂತ ಮೊದಲೇ ಕುರ್ಚಿಯಲ್ಲಿರುತ್ತಿದ್ದರು. ಕಾಗದಗಳು ಮಾತ್ರ ತಮ್ಮ ಹಳೆಯ ನಡಿಗೆಯನ್ನು ಬಿಟ್ಟಿರಲಿಲ್ಲ. ದಿಲ್ಲಿಯ ಪರವಾನಗಿ ಬರಲು ಹನ್ನೊಂದು ತಿಂಗಳು ಹಿಡಿಯಿತು. ಅಷ್ಟರಲ್ಲಿ ಸಿಂಗಾಪುರದ ತಮಿಳು ವ್ಯಾಪಾರಿಯೊಬ್ಬರು ಪಾಲುದಾರರಾಗಲು ಒಪ್ಪಿದರು. ಅಲ್ಲಿಯೇ ವಾಸಿಸುವ ಒಬ್ಬ ನಿರ್ದೇಶಕನಿಲ್ಲದೆ ಪರದೇಶದವನ ಕಂಪನಿಯನ್ನು ಆ ಸರ್ಕಾರ ನೋಂದಾಯಿಸುವುದಿಲ್ಲವಂತೆ. ಅಲ್ಲಿನ ವಕೀಲರು ಕಳಿಸಿದ ಕಾಗದಗಳನ್ನು ಸಂಜೆ ಹೊತ್ತು ನಮ್ಮ ಪಡಸಾಲೆಯಲ್ಲಿ ಹರಡಿಕೊಂಡು, ನಾನು ಓದಿ ಅರ್ಥ ಹೇಳುವುದು, ಅವನು ತಲೆಯಾಡಿಸುವುದು. ಕಂಪನಿಯ ಉದ್ದೇಶಗಳೆಂಬ ಪುಟದಲ್ಲಿ ವಕೀಲರು ಔದಾರ್ಯ ಮೆರೆದಿದ್ದರು. ಮೆಣಸಿನಕಾಯಿ ಮಾರಲು ಹೊರಟವನಿಗೆ ಹಡಗು ಓಡಿಸುವ, ರಬ್ಬರು ಬೆಳೆಯುವ, ತವರದ ಗಣಿ ಅಗೆಯುವ ಅಧಿಕಾರವೂ ಅಲ್ಲಿತ್ತು.

“ತವರದ ಗಣಿ ಯಾಕ್ರಿ ಮಾಸ್ತರ್ರ? ನಾವು ಬಾವಿ ತೋಡಿದ್ರ ನೀರ ಬೀಳೂದಿಲ್ಲ,” ಎಂದ ನಿಂಗಪ್ಪ.

ಹೆಸರಿನ ಪುಟಕ್ಕೆ ಬಂದಾಗ ‘ಗುರುಶಾಂತಪ್ಪ ಆಂಡ್ ಸನ್ಸ್’ ಎಂದು ಬರೆದೆ. ಮಗ ತಾನೊಬ್ಬನೇ, ಬಹುವಚನ ಸುಳ್ಳಾಗುವುದಿಲ್ಲವೇ ಎಂದು ಅವನು ಅಂಜಿದ. ಕಂಪನಿಗಳಿಗೆ ಯಾವಾಗಲೂ ಮಕ್ಕಳು ಹೆಚ್ಚು ಎಂದು ಸಮಾಧಾನ ಹೇಳಿದೆ. ಆ ಕಾಗದದಲ್ಲಿ ನಮಗೆ ಸುಳ್ಳೆಂದು ತೋರಿದ್ದು ಅದೊಂದೇ.

ಕೊನೆಯ ಪುಟದಲ್ಲಿ ನಿಂಗಪ್ಪನ ಹೆಸರನ್ನು ಟೈಪ್ ಮಾಡಿಸಿ, ಅದರ ಮೇಲೆ ಸಹಿ ಹಾಕೆಂದೆ. ಅವನು ಹಾಕಿದ. ‘ಮೇಲಿನವರನ್ನು ನಾನು ಖುದ್ದಾಗಿ ಬಲ್ಲೆ, ಇವರು ನನ್ನ ಸಮಕ್ಷಮ ಸಹಿ ಮಾಡಿದ್ದಾರೆ’ ಎಂಬ ಸಾಲಿನ ಕೆಳಗೆ ನಾನೂ ಹಾಕಿದೆ. ಲಕೋಟೆ ವಿಮಾನ ಹತ್ತಿತು.

ಒಂದು ತಿಂಗಳ ಮೇಲೆ ವಕೀಲರ ಉತ್ತರ ಬಂತು. ಬಹಳ ವಿನಯದ ಪತ್ರ. ಅರ್ಜಿದಾರರ ಹೆಸರು ನಿಂಗಪ್ಪ ಎಂದಿದೆ. ಸಹಿಯಾದರೋ ಗುರುಶಾಂತಪ್ಪ ಎಂಬವರದು. ಇವರು ಯಾರು? ಇವರೂ ಪಾಲುದಾರರಾಗುವುದಿದ್ದರೆ ಇವರ ವಯಸ್ಸು, ವೃತ್ತಿ, ಸದ್ಯದ ವಿಳಾಸ ತಿಳಿಸಬೇಕು. ಸಾಕ್ಷಿದಾರರು ಇವರನ್ನು ಪ್ರತ್ಯಕ್ಷ ಕಂಡದ್ದು ನಿಜವೇ?

ಗುರುಶಾಂತಪ್ಪನವರು ತೀರಿಕೊಂಡು ಎಂಟು ವರ್ಷವಾಗಿತ್ತು. ಅವರ ಸದ್ಯದ ವಿಳಾಸ ಊರ ಹೊರಗಿನ ಅವರದೇ ಹೊಲ. ಅಲ್ಲಿ ಅವರನ್ನು ಹೂತ ಗುಂಡಿಗೆ ಬಿಲ್ವಪತ್ರೆ ಹಾಕಿದವರಲ್ಲಿ ನಾನೂ ಒಬ್ಬ. ಅಂಥವರು ನನ್ನ ಪಡಸಾಲೆಯಲ್ಲಿ ಕುಳಿತು, ನನ್ನ ಕಣ್ಣೆದುರಿಗೆ, ನನ್ನ ಪೆನ್ನಿನಿಂದಲೇ ಸಹಿ ಮಾಡಿದರೆಂದು ಒಂದು ಪರರಾಷ್ಟ್ರದ ಸರ್ಕಾರಕ್ಕೆ ನಾನು ಬರೆದುಕೊಟ್ಟಿದ್ದೆ.

ಇದು ನಡೆದ ಬಗೆಯನ್ನು ವಕೀಲರಿಗೆ ಹೇಗೆ ತಿಳಿಸುವುದು? ಗುರುಶಾಂತಪ್ಪನವರಿಗೆ ರೈಲ್ವೆ ಪಾವತಿಗಳಿಗೆಂದು ಹಳೆಯ ಸ್ಟೇಶನ್ ಮಾಸ್ತರರೊಬ್ಬರು ಇಂಗ್ಲಿಷಿನಲ್ಲಿ ಸಹಿ ಮಾಡುವುದನ್ನು ಕಲಿಸಿದ್ದರು. ಕೊನೆಯಲ್ಲಿ ಮೆಣಸಿನಕಾಯಿಯ ತೊಟ್ಟಿನಂಥ ಒಂದು ಬಾಲ. ಸುಗ್ಗಿಯ ನಡುವೆ ಅವರು ತೀರಿಕೊಂಡರು, ಮಾಲು ದಾರಿಯಲ್ಲಿತ್ತು, ಮುಂಬೈಯವರು ಗಾಬರಿಯಾಗದಿರಲೆಂದು ಮಗ ಆ ವಾರ ಅಪ್ಪನ ಸಹಿಯನ್ನೇ ಹಾಕಿದ. ಮುಂದಿನ ವಾರವೂ ಹಾಕಿದ, ಆಮೇಲೆ ಬೇರೆ ಸಹಿಯನ್ನೇ ಕಲಿಯಲಿಲ್ಲ. ಪೇಟೆಯಲ್ಲಿ ಯಾರೂ ಅದನ್ನು ಖೋಟಾ ಎನ್ನಲಿಲ್ಲ. ಅದು ಮನುಷ್ಯನ ಸಹಿಯಲ್ಲ, ಅಂಗಡಿಯ ಸಹಿ ಎಂದೇ ನಾವೆಲ್ಲ ತಿಳಿದಿದ್ದೆವು. ಎಷ್ಟು ತಿಳಿದಿದ್ದೆವೆಂದರೆ, ಅವನು ಅದನ್ನು ಬರೆಯುವಾಗ ನಾನು ನೋಡುತ್ತಲೇ ಇದ್ದೆ, ಆದರೆ ಕಾಣಲಿಲ್ಲ.

ಪತ್ರದ ಅಡಿಯಲ್ಲಿ ಇನ್ನೊಂದು ಮಾತಿತ್ತು. ಕಂಪನಿಯ ಹೆಸರನ್ನು ಅಲ್ಲಿನ ಕಚೇರಿ ಎರಡು ತಿಂಗಳು ಮಾತ್ರ ಕಾದಿರಿಸುತ್ತದೆ. ಅದರಲ್ಲಿ ಇಪ್ಪತ್ತೆರಡು ದಿನ ಉಳಿದಿವೆ. ಅವಧಿ ಮೀರಿದರೆ ತಮಿಳು ಪಾಲುದಾರರು ಕಾಯುವುದಿಲ್ಲ. ಈ ಸಲ ಮ್ಯಾಜಿಸ್ಟ್ರೇಟರ ಎದುರು ಸಹಿಯಾಗಬೇಕು.

ಪತ್ರದ ಅರ್ಥ ಹೇಳಿದಾಗ ನಿಂಗಪ್ಪ ಈ ಸಲ ತಲೆಯಾಡಿಸಲಿಲ್ಲ. “ನನ್ನ ಹೆಸರು ಬರದ್ರ ಅದು ಯಾರ್ದು ಅಂತ ಪ್ಯಾಟ್ಯಾಗ ಕೇಳ್ತಾರ್ರಿ. ಅಪ್ಪನ ಕೈ ಅದು. ಅದನ್ನ ಹ್ಯಾಂಗ ಬಿಡ್ಲಿ?”

“ಚೀಲದ ಮ್ಯಾಲೆ ಹೆಸರು ಅವರದ ಇರಲಿ ನಿಂಗಪ್ಪ. ಕಾಗದದ ಕೆಳಗ ಕೈ ನಿಂದಾಗಬೇಕು,” ಎಂದೆ. ಹೇಳುವುದು ಸುಲಭವಾಗಿತ್ತು.

ಮೂರು ದಿನ ಅವನು ನನ್ನ ಶಾಲೆಯ ರದ್ದಿ ಉತ್ತರಪತ್ರಿಕೆಗಳ ಹಿಂಬದಿಯಲ್ಲಿ ಇಂಗ್ಲಿಷಿನಲ್ಲಿ ತನ್ನ ಹೆಸರು ಬರೆದ. ನಲವತ್ತು ದಾಟಿದವನು, ಒಂದು ಹಿಡಿ ಕಾಯಿ ಅಲುಗಾಡಿಸಿ ಅದು ಯಾವ ಹೊಲದ್ದೆಂದು ಹೇಳಬಲ್ಲವನು, ತನ್ನ ಹೆಸರಿನ ಮೊದಲ ಅಕ್ಷರದಲ್ಲಿಯೇ ದಾರಿ ತಪ್ಪುತ್ತಿದ್ದ. ಪೆನ್ನು ತಾನಾಗಿ ಅಪ್ಪನ ಕಡೆ ಹೊರಳುತ್ತಿತ್ತು. ನಾಲ್ಕನೆಯ ದಿನ ತಾಲೂಕಿನ ಊರಾದ ಕುಂದಗೋಳಕ್ಕೆ ಹೋದೆವು. ಮ್ಯಾಜಿಸ್ಟ್ರೇಟರು ಗಡಿಯಾರ ನೋಡಿದರು. ನಾನು ಪೆನ್ನಿನ ಮೊನೆ ಬಿಟ್ಟು ಬೇರೇನನ್ನೂ ನೋಡಲಿಲ್ಲ. ಒಂದೊಂದೇ ಅಕ್ಷರ, ಹೊಸ ದಿಬ್ಬ ಹತ್ತುವ ಎತ್ತಿನ ಹಾಗೆ, ನಿಂತು ನಿಂತು ಮೇಲೇರಿತು. ಅಂದು ಸಾಕ್ಷಿದಾರನ ಜಾಗದಲ್ಲಿ ನಾನು ಬರೆದದ್ದು ಪೂರ್ತಿ ನಿಜ.

ಸಂಜೆಯ ರೈಲುಗಾಡಿಗೆ ಟಪಾಲು ಹಾಕಬೇಕಿತ್ತು. ಆದರೆ ನಿಂಗಪ್ಪನ ಮನೆಯ ಒಂದು ಪದ್ಧತಿ ತಪ್ಪುವಂತಿರಲಿಲ್ಲ. ಅಂಗಡಿಯಿಂದ ಹೊರಡುವ ಪ್ರತಿಯೊಂದು ಕಾಗದವನ್ನೂ ಅವನ ತಾಯಿ ಬಸಲಿಂಗವ್ವ ಒಮ್ಮೆ ಕೈಗೆ ತೆಗೆದುಕೊಂಡು ಕಣ್ಣಿಗೊತ್ತಿ ಕಳಿಸುತ್ತಿದ್ದಳು. ಆಕೆಗೆ ಓದು ಬಾರದು. ಈ ಸಲ ಕಣ್ಣಿಗೊತ್ತುವ ಮುನ್ನ ಆಕೆಯ ಕೈ ತಡೆಯಿತು.

“ಬಾಲ ಇಲ್ಲಲ್ಲೋ ಇದಕ್ಕ?”

“ಬಾಲ ಇದ್ದದ್ದು ಅಪ್ಪಂದು ಬೇ. ಇದು ನಂದು.”

“ಅವರು ಮಾಡ್ಲಿಲ್ಲೇನು?”

ನಿಂಗಪ್ಪ ನನ್ನತ್ತ ನೋಡಿದ. “ಅವರು ಹೋಗಿ ಎಂಟು ವರ್ಷಾತಲ್ಲ ಬೇ,” ಎಂದು ತಗ್ಗಿದ ದನಿಯಲ್ಲಿ ಹೇಳಿದ.

“ಅದು ನನಗ ಗೊತ್ತಿಲ್ಲೇನು? ಆದ್ರ ದಿನಾ ಅವರ ಕೈ ಈ ಮನಿಯಿಂದ ಹೊಂಟಿತ್ತಲ್ಲೋ. ನಾ ದಿನಾ ಕಣ್ಣಿಗೊತ್ತತಿದ್ನಿ.” ಆಕೆ ಕಾಗದವನ್ನು ಮಡಿಲಲ್ಲಿಟ್ಟುಕೊಂಡಳು. “ಹಂಗಾರ ಇವತ್ತ ಹ್ವಾದ್ರು ಅನ್ನು.”

ಗಾಡಿ ಬರುವ ಹೊತ್ತಾಗಿತ್ತು. ಅದನ್ನು ನೆನಪಿಸುವ ಧೈರ್ಯ ನನಗಾಗಲಿಲ್ಲ. ಕೊನೆಗೆ ಆಕೆಯೇ ಆ ಕಾಗದವನ್ನು ಎತ್ತಿ, ಎಂದಿಗಿಂತ ತುಸು ಹೆಚ್ಚು ಹೊತ್ತು ಕಣ್ಣಿಗೊತ್ತಿ, ನನ್ನ ಕೈಗೆ ಕೊಟ್ಟಳು.

“ಹಾಕಿ ಬರ್ರಿ ಮಾಸ್ತರ್ರ, ಹೊತ್ತಾಕ್ಕೈತಿ.” ಆಮೇಲೆ ಮಗನ ಕಡೆ ತಿರುಗಿದಳು. “ನೀ ಕುಂದ್ರು. ಇನ್ನೊಂದು ಹಾಳ್ಯಾಗ ಬರಿ ಅದನ್ನ. ನನಗೂ ಗುರ್ತು ಸಿಗಬೇಕಲ್ಲ.”

ನಾನು ಲಕೋಟೆ ಅಂಟಿಸಿ ಹೊಸ್ತಿಲು ದಾಟುವಾಗ ನಿಂಗಪ್ಪ ತಾಯಿಯ ಮುಂದೆ ನೆಲಕ್ಕೆ ಕುಳಿತು ಬರೆಯುತ್ತಿದ್ದ, ಆಕೆ ಬಾಗಿ ನೋಡುತ್ತಿದ್ದಳು. ಈ ಸಲ ಪೆನ್ನು ಎಲ್ಲಿಯೂ ನಿಲ್ಲಲಿಲ್ಲ.